ಭಾವನವರ ಕಾರು ಹೊರಟ ಸದ್ದು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಎದುರಿಗೆ ನಗುತ್ತಿರಲಿಲ್ಲ. ಚಹಾ ಕೊಟ್ಟು, ತಲೆಯಾಡಿಸಿ, ಒಳಗೊಳಗೇ ಅವರ ಬಗ್ಗೆ ಸ್ವಲ್ಪ ಕನಿಕರಪಡುತ್ತಿದ್ದೆ. ನಾನು ಬೆಳೆದದ್ದು ಬೆಳಗಾವಿಯಲ್ಲಿ, ಓದಿದ್ದು ಕಾನ್ವೆಂಟಿನಲ್ಲಿ. ನಮಗೆ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಹಾಸ್ಟೆಲಿನ ಹುಡುಗಿಯರು ಏನೋ ಸದ್ದಿಗೆ ಬೆದರಿ ಓಡಿಬಂದರೆ, "ಮೊದಲು ಹೋಗಿ ಕಿಟಕಿಯ ಚಿಲಕ ನೋಡಿ ಬನ್ನಿ, ಆಮೇಲೆ ಅಳುವಿರಂತೆ" ಎನ್ನುತ್ತಿದ್ದರು. ಹೋಗಿ ನೋಡಿದರೆ ಚಿಲಕ ಸಡಿಲವಾಗಿರುತ್ತಿತ್ತು. ಮದುವೆಯಾಗಿ ಜಮಖಂಡಿಗೆ ಬಂದ ಮೇಲೆ, ಅಮಾವಾಸ್ಯೆ, ಗಾಳಿ, ಸೋಂಕು ಅಂತ ಅಕ್ಕಪಕ್ಕದವರು ಏನೇ ಹೇಳಿದರೂ ನನ್ನ ಮನಸ್ಸು ಚಿಲಕವನ್ನೇ ಹುಡುಕುತ್ತಿತ್ತು.

ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ನೀವು ನಂಬಬೇಕು ಎಂಬ ಹಟ ನನಗಿಲ್ಲ. ಇದು ಕೆಲವು ವರ್ಷಗಳ ಹಿಂದೆ, ಹಾಡಹಗಲಲ್ಲಿ, ಉಂಡು ಕುಳಿತ ಹೊತ್ತಿನಲ್ಲಿ ನಡೆದದ್ದು. ರಾತ್ರಿಯಾಗಿದ್ದರೆ ನಿದ್ದೆಗಣ್ಣು ಎಂದು ನಾನೇ ಅಲ್ಲಿಗೆ ಬಿಟ್ಟುಬಿಡುತ್ತಿದ್ದೆ. ನಾನೊಬ್ಬಳೇ ಇದ್ದಿದ್ದರೆ ಇನ್ನೂ ಸುಲಭವಾಗಿ ಬಿಡುತ್ತಿದ್ದೆ. ಆದರೆ ಅಲ್ಲಿ ನಾವು ನಾಲ್ಕು ಜನರಿದ್ದೆವು.

ನನ್ನ ಗಂಡನಿಗೆ ಜಮಖಂಡಿಯಲ್ಲಿ ನೌಕರಿ. ಅವರ ಮೂಲ ಮನೆ ಮಹಾಲಿಂಗಪುರದಿಂದ ಮುಧೋಳದ ಕಡೆ ಹೋಗುವ ದಾರಿಯಲ್ಲಿ, ಒಳಗಡೆ, ಕಾಲುವೆ ದಾಟಿದ ಮೇಲೆ ಕಬ್ಬಿನ ಹೊಲಗಳ ನಡುವೆ ಇದೆ. ಅಜ್ಜನ ಕಾಲದವರೆಗೂ ಕುರಿ ಕಾಯ್ದ ಮನೆತನ. ಈಗ ಮನೆಯಲ್ಲಿ ಕುರಿಗಳಿಲ್ಲ, ದೇವರ ಜಗಲಿಯ ಮೇಲೆ ಮಡಚಿಟ್ಟ ಒಂದು ಕರಿ ಕಂಬಳಿ ಇದೆ ಅಷ್ಟೇ. ಆದರೂ ಬೀರೇಶ್ವರನ ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳದೆ ಆ ಮನೆಯಲ್ಲಿ ಯಾವ ಕೆಲಸವೂ ಶುರುವಾಗುವುದಿಲ್ಲ. ಅಲ್ಲಿ ನನ್ನ ಅತ್ತೆ, ನನ್ನ ಗಂಡನ ಅಣ್ಣ, ಅವರ ಹೆಂಡತಿ ಕಸ್ತೂರಿ ಇರುತ್ತಿದ್ದರು. ಕಸ್ತೂರಿ ನನ್ನ ನೆಗೆಣ್ಣಿ, ನಾನು ಅಕ್ಕ ಎನ್ನುತ್ತೇನೆ. ಭಾವ ಲೋಕಾಪುರದ ಕಡೆ ಒಂದು ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. ಅವರ ಒಬ್ಬಳೇ ಮಗಳು ಪಲ್ಲವಿ ನಮ್ಮ ಮನೆಯಲ್ಲಿದ್ದುಕೊಂಡು ಜಮಖಂಡಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಳು.

ಭಾವನವರಿಗೆ ಒಂದು ಬಿಳಿ ಪೆಟ್ರೋಲ್ ಕಾರಿತ್ತು. ಅದನ್ನು ಅವರು ನೋಡಿಕೊಳ್ಳುತ್ತಿದ್ದ ರೀತಿ ಕಂಡು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಹಳೆಯ ಧೋತರ ಹರಿದು ಅದಕ್ಕೆಂದೇ ಅರಿವೆ ಮಾಡಿಟ್ಟಿದ್ದರು. ಪಲ್ಲವಿ ಚಿಕ್ಕವಳಿದ್ದಾಗ ಅವಳ ಹಟಕ್ಕೆ ಹಾಕಿಸಿದ ರಿವರ್ಸ್ ಹಾರ್ನ್ ಒಂದಿತ್ತು. ಕಾರು ಹಿಂದಕ್ಕೆ ಸರಿಯುವಾಗ ಗುಬ್ಬಿಗಳು ಜಗಳಾಡಿದಂತೆ ಚಿಲಿಪಿಲಿ ಸದ್ದು ಬರುತ್ತಿತ್ತು. ಅದರಲ್ಲಿ ಒಂದು ಗುಬ್ಬಿಯ ದನಿ ಒಡೆದಿತ್ತು, ಮಧ್ಯೆ ಮಧ್ಯೆ ಗೊರಗೊರ ಎನ್ನುತ್ತಿತ್ತು. ಸರಿ ಮಾಡಿಸುತ್ತೇನೆ ಎನ್ನುತ್ತಲೇ ಇದ್ದರು, ಮಾಡಿಸಲಿಲ್ಲ.

ಭಾವ ತೀರಿಕೊಂಡದ್ದು ಆ ಕಾರಿನಲ್ಲೇ.

ಅಪಘಾತವಲ್ಲ. ಒಂದು ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ ಅವರು ಎದ್ದರು. ಅತ್ತೆ ಅಂದು ಬನಹಟ್ಟಿಯಲ್ಲಿರುವ ಮಗಳ ಮನೆಗೆ ಹೋಗಿದ್ದರು. ಅಕ್ಕ ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದಳು. ಶೆಡ್ಡಿನಿಂದ ಕಾರಿನ ಸೆಲ್ಫ್ ತಿರುಗಿದ ಸದ್ದು ಕೇಳಿತು. ಪರೀಕ್ಷೆಯ ಕೆಲಸವಿದ್ದಾಗ ಅವರು ಹಾಗೆ ಬೇಗ ಹೋಗುವುದಿತ್ತು. ಒಲೆ ಬಿಟ್ಟು ಅವಳು ಏಳಲಿಲ್ಲ. ಆಮೇಲೆ ಬೆಳಕು ಹರಿದು ಅಂಗಳಕ್ಕೆ ನೀರು ಹಾಕಲು ಹೋದಾಗ ನೋಡುತ್ತಾಳೆ, ಕಾರು ಶೆಡ್ಡಿನಲ್ಲೇ ಇದೆ. ಭಾವ ಸ್ಟೇರಿಂಗ್ ಮೇಲೆ ಒರಗಿದ್ದಾರೆ. ಕೀಲಿ ತಿರುಗಿಸಿದಂತೆಯೇ ಇತ್ತು. ಎದೆನೋವು ಬಂದು ತಾವೇ ಮುಧೋಳದ ದವಾಖಾನೆಗೆ ಹೋಗಲು ಹೊರಟಿರಬೇಕು ಎಂದರು ಡಾಕ್ಟರು. ಹೆಂಡತಿಯನ್ನು ಯಾಕೆ ಕರೆಯಲಿಲ್ಲವೋ. ಯಾರನ್ನೂ ಹೆದರಿಸಬಾರದು ಎನ್ನುವ ಸ್ವಭಾವ ಅವರದು.

ಮಣ್ಣಿಗೆ ಬಂದ ನೆಂಟನೊಬ್ಬ ಮಾರನೆಯ ದಿನ ಕೀಲಿ ತಿರುವಿ ನೋಡಿದ. ಕಾರು ಚಾಲೂ ಆಗಲಿಲ್ಲ. ಅಲ್ಲಿಂದ ಜನರ ಮಾತು ಶುರುವಾಯಿತು. ಕಾರು ಕೆಟ್ಟಿತ್ತು, ಪಾಪ ಮಾಸ್ತರು ಎಷ್ಟೋ ಹೊತ್ತು ಸೆಲ್ಫ್ ಹೊಡೆಯುತ್ತ ಕುಳಿತಿರಬೇಕು, ಮನೆಯಲ್ಲಿದ್ದವರು ಒಮ್ಮೆ ಎದ್ದು ಹೋಗಿ ನೋಡಬಾರದಿತ್ತೇ? ಅಕ್ಕ ಅಳುತ್ತ ಒಂದೇ ಮಾತು ಹೇಳಿದಳು: ಸೆಲ್ಫ್ ಅಷ್ಟೇ ಅಲ್ಲ, ಗಾಡಿ ಚಾಲೂ ಆದದ್ದು ಕೇಳಿದೆ, ಹಿಂದಕ್ಕೆ ತೆಗೆದದ್ದು ಕೇಳಿದೆ, ಕಾಲುವೆಯ ಕಡೆ ಹೋದದ್ದು ಕೇಳಿದೆ, ಹೋದರು ಅಂತ ತಿಳಿದು ಸುಮ್ಮನೆ ಕುಳಿತೆ. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ, ಸುಳ್ಳು ಹೇಳುವುದೇಕೆ. ಸುಳ್ಳಾಡುತ್ತಿದ್ದಾಳೆ ಎಂದುಕೊಳ್ಳಲಿಲ್ಲ. ಆಘಾತದಲ್ಲಿ ಮನಸ್ಸು ಹಾಗೆ ಹೆಣೆದುಕೊಂಡಿದೆ ಎಂದುಕೊಂಡೆ. ಅತ್ತೆ ಮಾತ್ರ ನೇರವಾಗಿ ಹೇಳಿದರು. "ಸತ್ತಾಂವ ಗಾಡಿ ಹೊಡಕೊಂಡ ಕಾಲವೀ ತನಕಾ ಹೋಗಿ, ತಿರಿಗಿ ಬಂದ ಶೆಡ್ಡಿನ್ಯಾಗ ಕುಂತ ಸತ್ನೇನಬೇ?"

ಆ ಮಾತು ಮನೆಯಲ್ಲಿ ಉಳಿದುಬಿಟ್ಟಿತು. ಒಂದು ಸೂಟಿಯಲ್ಲಿ ಮನೆಗೆ ಹೋಗಿದ್ದ ಪಲ್ಲವಿ ಅಜ್ಜಿಯ ಬಾಯಲ್ಲಿ ಅದನ್ನು ಕೇಳಿ ಬಂದು, ರಾತ್ರಿ ಊಟಕ್ಕೆ ಕುಳಿತಾಗ ನನ್ನನ್ನು ಕೇಳಿದಳು: "ಕಾಕೂ, ಅವ್ವ ಖರೇನ ಎದ್ದ ಹೋಗಲಿಲ್ಲೇನ್ರಿ?" ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಆಮೇಲೆ ಅವಳು ತಾಯಿಗೆ ಫೋನ್ ಮಾಡುವುದು ಕಡಿಮೆಯಾದದ್ದು ನೆನಪಿದೆ.

ಕಾರು ಶೆಡ್ಡಿನಲ್ಲೇ ನಿಂತಿತು. ಅದಕ್ಕೂ ಒಂದು ಕಾರಣವಿತ್ತು. ಆ ಮನೆಯಲ್ಲಿ, ತೀರಿಹೋದವರು ನಡೆಸುತ್ತಿದ್ದ ಗಾಡಿಯನ್ನಾಗಲಿ, ಹೂಡುತ್ತಿದ್ದ ಎತ್ತನ್ನಾಗಲಿ ದೇವರನ್ನು ಕೇಳದೆ ಹೊರಗೆ ತೆಗೆಯುವುದಿಲ್ಲ. ಬೀರೇಶ್ವರನ ಗುಡಿಗೆ ಹೋಗಿ, ನೀರಿನಲ್ಲಿ ಅದ್ದಿದ ಹೂವಿನ ಎಸಳನ್ನು ದೇವರ ಮೈಗೆ ಹಚ್ಚಿ, ಪ್ರಶ್ನೆ ಹೇಳಿ ಕಾಯುತ್ತ ಕುಳಿತುಕೊಳ್ಳಬೇಕು. ಎಸಳು ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ. ವರ್ಷ ತುಂಬಿದಾಗ ಕೇಳಿದರು, ಎಡಕ್ಕೆ ಬಿತ್ತು. ಮತ್ತೆ ಕೇಳಿದರು, ಆಗಲೂ ಎಡಕ್ಕೆ. ಎರಡು ವರ್ಷ ದಾಟಿದ ಮೇಲೆ ಅತ್ತೆ ಮತ್ತೊಮ್ಮೆ ಹೋದರು. ಆ ಸಲ ನಾನೂ ಜೊತೆಗಿದ್ದೆ. ತುಂಬ ಹೊತ್ತು ಕಾಯಬೇಕಾಯಿತು. ಅತ್ತೆ ಕಣ್ಣುಮುಚ್ಚಿ, ತುಟಿ ಅಲುಗಿಸುತ್ತ, "ಗಾಡಿ ಹೊರಗ ತಗ್ಯಾಕ ಅಪ್ಪಣಿ ಕೊಡಪಾ" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಎಸಳು ಬಲಕ್ಕೆ ಬಿತ್ತು.

ಅತ್ತೆಗೆ ಕಾರನ್ನು ಯಾರಿಗಾದರೂ ಕೊಟ್ಟುಬಿಡಬೇಕಾಗಿತ್ತು, ಅದು ಕಣ್ಣೆದುರು ಇರುವುದೇ ಬೇಡವಾಗಿತ್ತು. ಅಕ್ಕನಿಗೆ ಬೇರೆಯೇ ಆಸೆ. ಅದನ್ನು ಅವಳು ನನಗೊಬ್ಬಳಿಗೇ ಹೇಳಿದ್ದು. ಕಾರಿನಲ್ಲಿ ಏನಾದರೂ ಹಳೆಯ ದೋಷ ಸಿಗಬೇಕು. ಚಾಲೂ ಆಗಿ, ನಾಲ್ಕು ಕ್ಷಣ ಓಡಿ, ತಾನಾಗಿಯೇ ನಿಂತುಬಿಡುವಂಥ ದೋಷ. ಹಾಗಿದ್ದರೆ ಅಂದು ತಾನು ಕೇಳಿದ್ದು ಸುಳ್ಳಲ್ಲ ಎಂದಾಗುತ್ತದೆ. ಹಾಗೆಂದು ಮಗಳಿಗೆ ಹೇಳಬಹುದು. ಎಲ್ಲರೂ ಮಿಸ್ತ್ರಿಯಿಂದ ಕಾರು ಚಾಲೂ ಆಗಲಿ ಎಂದು ಕಾಯುತ್ತಿದ್ದರೆ ಅವಳು ಕಾರಿನ ತಪ್ಪು ಹೊರಬೀಳಲಿ ಎಂದು ಕಾಯುತ್ತಿದ್ದಳು.

ಮಿಸ್ತ್ರಿ ರಾಜೇಸಾಬ ಮಹಾಲಿಂಗಪುರದವನು. ಮೋಟಾರ್ ಸೈಕಲ್ ಹಿಂದೆ ಒಂದು ಬ್ಯಾಟರಿ ಕಟ್ಟಿಕೊಂಡು ಬೆಳಿಗ್ಗೆಯೇ ಬಂದ. ನಾನು ಹಿಂದಿನ ಸಂಜೆಯೇ ಬಸ್ಸಿನಲ್ಲಿ ಹೋಗಿದ್ದೆ. ಯಜಮಾನರಿಗೆ ಆಫೀಸಿನಲ್ಲಿ ಕೆಲಸವಿತ್ತು. ಬಾಯಿ ಜೋರಿನ ಮನುಷ್ಯ ರಾಜೇಸಾಬ. ಬರುತ್ತಲೇ, "ಊಟದ ಹೊತ್ತಿಗೆ ಗಾಡಿ ಅಂಗಳದಾಗ ನಿಂದ್ರಸತೀನಿ, ಆಯೀ. ಸಂಜೀಕ ಅದರಾಗ ಕುಂತ ಬಜಾರಕ ಹೋಗೂಣಂತ" ಎಂದು ಅತ್ತೆಗೆ ಹೇಳಿದ. ಅತ್ತೆ ನಗಲಿಲ್ಲ. ಕಾರಿನ ಮೂತಿಗೆ ಭಂಡಾರ ಹಚ್ಚಿ, ಕಾಯಿ ಒಡೆದು, ದೂರ ಸರಿದು ನಿಂತರು.

ಶೆಡ್ಡಿನ ಬಾಗಿಲು ತೆಗೆದಾಗ ಮೊದಲು ಬಂದದ್ದು ಇಲಿಯ ವಾಸನೆ. ಕಾರಿನ ಬಿಳಿ ಬಣ್ಣ ಕಾಣದಷ್ಟು ಧೂಳು. ಟೈರುಗಳು ಗಾಳಿ ಹೋಗಿ ನೆಲಕ್ಕೆ ಅಂಟಿಕೊಂಡಿದ್ದವು. ಚಾಲಕನ ಕಡೆಯ ಗಾಜಿನ ಮೇಲೆ ಒಳಗಿನಿಂದ ಅಂಗೈಯ ಗುರುತೊಂದಿತ್ತು, ನಾನು ಅದನ್ನು ಮತ್ತೆ ನೋಡಲಿಲ್ಲ. ರಾಜೇಸಾಬ ಬಾನೆಟ್ ಎತ್ತಿದ. ಎಂಜಿನ್ನಿನ ಮೇಲೆ ಕಬ್ಬಿನ ಒಣ ಸೋಗೆಯ ರವದಿ ಒಟ್ಟಿ, ಅದರ ನಡುವೆ ಇಲಿಗಳು ಗೂಡು ಕಟ್ಟಿದ್ದವು. ರವದಿಯ ಜೊತೆ ಕರಿ ಉಣ್ಣೆಯ ಎಳೆಗಳೂ ಇದ್ದವು. ವೈರುಗಳನ್ನು ಅಲ್ಲಲ್ಲಿ ಕಡಿದಿದ್ದವು. "ಬಾಡಿಗಿ ಇಲ್ಲದ ಎರಡ ವರ್ಷ ಸಂಸಾರ ಮಾಡ್ಯಾವ ನೋಡ್ರಿ ಮಕ್ಕಳು" ಎಂದು ಅವನು ರವದಿಯನ್ನೆಲ್ಲ ಬುಟ್ಟಿಗೆ ತುಂಬಿ ಹೊರಗೆ ಸುರಿದ. ಬ್ಯಾಟರಿಯ ತಲೆಯ ಮೇಲೆ ಬಿಳಿಯ ಪುಡಿ ಬೂಷ್ಟಿನ ಹಾಗೆ ಕಟ್ಟಿತ್ತು. ಅದು ಸತ್ತಿದೆ ಎಂದ.

ಅಕ್ಕ ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. "ಬ್ಯಾಟರಿ ಮೊದಲ ಹೋಗಿತ್ತೋ, ನಿಂತ ಮ್ಯಾಲ ಹೋಗೇತೋ, ಗೊತ್ತಾಗತೈತೇನ್ರಿ ಮಿಸ್ತ್ರಿ?" ಎಂದಳು.

"ನಿಂತ ಮ್ಯಾಲರಿ ಅಕ್ಕಾರ. ಎರಡ ವರ್ಷ ಉಪಾಸ ಕೆಡವಿದ್ರ ಯಾವ ಬ್ಯಾಟರಿ ಉಳೀತೈತಿ?"

ತಂದ ಬ್ಯಾಟರಿ ಜೋಡಿಸಿದ. ಕಡಿದ ವೈರುಗಳನ್ನು ಹೊಸೆದು ಟೇಪು ಸುತ್ತಿದ. ರಿವರ್ಸ್ ಹಾರ್ನಿನ ವೈರು ತುಂಡಾಗಿ ಒಂದು ಗೇಣು ಕಾಣೆಯೇ ಆಗಿತ್ತು. ಅದು ಬೇಕಿಲ್ಲ ಎಂದು ಹಾಗೆಯೇ ಬಿಟ್ಟ. ಕೀಲಿ ತಿರುವಿದರೆ ಸೆಲ್ಫ್ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಆ ಸದ್ದು ಕೇಳಿ ಅಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಪೆಟ್ರೋಲ್ ಬರುತ್ತಿಲ್ಲ ಎಂದ ರಾಜೇಸಾಬ. ಟಾಕಿಯ ಹಳೆಯ ಪೆಟ್ರೋಲನ್ನು ಡಬ್ಬಿಗೆ ಇಳಿಸಿ ಮೂಸಿ ನೋಡಿ ನನ್ನ ಮುಂದೆ ಹಿಡಿದ. ಬಣ್ಣದಂಗಡಿಯ ವಾಸನೆ ಬರುತ್ತಿತ್ತು. ಮಹಾಲಿಂಗಪುರಕ್ಕೆ ಹೋಗಿ ಹೊಸ ಪೆಟ್ರೋಲ್ ತಂದ. ಪಂಪನ್ನು ಬಿಚ್ಚಿ ತೊಳೆದು ಕೂರಿಸಿದ. ಆಗಲೂ ಇಲ್ಲ. ಅಕ್ಕ ಮತ್ತೆ ಕೇಳಿದಳು, ಅವನು ಮತ್ತೆ ಹೇಳಿದ, ಇದೂ ನಿಂತ ಮೇಲಿನದೇ.

ಕೊನೆಗೆ ಅವಳು ಧೈರ್ಯ ಮಾಡಿ ತನ್ನ ಪ್ರಶ್ನೆ ಕೇಳಿಯೇಬಿಟ್ಟಳು. "ಗಾಡಿ ಚಾಲೂ ಆಗಿ, ಚೂರ ಓಡಿ, ತಾನ ಬಂದ್ ಬೀಳೂವಂಥಾ ಫಾಲ್ಟ್ ಇರತೈತೇನ್ರಿ?"

"ಇರತೈತ್ರಿ. ನಮ್ಮ ಮಾವನಂಥಾವು. ಎದ್ದಂಗ ಮಾಡಿ ಮತ್ತ ಮಲಗತಾವು" ಎಂದು ನಕ್ಕ ರಾಜೇಸಾಬ, ಅವಳ ಮುಖ ನೋಡಿ ನಗು ನಿಲ್ಲಿಸಿದ. "ಇರತೈತ್ರಿ ಅಕ್ಕಾರ. ಆದ್ರ ನಿಂತ ಗಾಡಿ ಅಂದ್ರ ಒಂದ ಬ್ಯಾನಿ ಮ್ಯಾಲ ಹತ್ತ ಬ್ಯಾನಿ ಕುಂತಿರತಾವು. ಯಾವದ ಮೊದಲಿಂದು, ಯಾವದ ಆಮ್ಯಾಲಿಂದು, ಅದನ್ನ ಹೇಳೂದ ಕಠಿಣ ಐತಿ."

ಅಂಗಳದಲ್ಲಿದ್ದ ಅತ್ತೆಗೆ ಇದು ಕೇಳಿಸಿತು. ಅಲ್ಲಿಂದಲೇ ಅಂದರು: "ಗಾಡಿದೇನ ತಪ್ಪ ಹುಡುಕತೀಬೇ? ಅದಕ್ಕ ಕಿವಿ ಇದ್ದಿಲ್ಲ. ಮನ್ಯಾಗಿನವರಿಗೆ ಇದ್ವು."

ರಾಜೇಸಾಬ ತಲೆ ತಗ್ಗಿಸಿ ಪಾನಾ ತಿರುಗಿಸುತ್ತ ಕುಳಿತ. ಪ್ಲಗ್ಗುಗಳನ್ನು ನೋಡಬೇಕು ಎಂದು ನಾಲ್ಕನ್ನೂ ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿದ. ಬಿಚ್ಚಿದ ವೈರುಗಳು ಎಲ್ಲಾದರೂ ತಾಗಿ ಸುಟ್ಟಾವು ಎಂದು ಬ್ಯಾಟರಿಯನ್ನೂ ಕಳಚಿ ಹೊರಗೆ ತೆಗೆದು ಶೆಡ್ಡಿನ ಗೋಡೆಗೆ ಇಟ್ಟ. ಉಂಡು ಬಂದು ಮುಂದೆ ನೋಡುತ್ತೇನೆ ಎಂದ. ಹೀಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಆ ಹೊತ್ತಿನಲ್ಲಿ ಆ ಕಾರಿನಲ್ಲಿ ಏನೇನು ಇರಲಿಲ್ಲ ಎಂಬುದು ನಿಮಗೆ ಗೊತ್ತಿರಬೇಕು.

ಊಟವಾಯಿತು. ಬಿಸಿಲು ಇಳಿಯತೊಡಗಿತ್ತು. ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ, ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತ ಕುಳಿತರು. ನಾನು ಪಕ್ಕದಲ್ಲಿ ಚಹಾದ ಕಪ್ಪು ಹಿಡಿದುಕೊಂಡು ಕುಳಿತಿದ್ದೆ. ಅಕ್ಕ ಕಂಬದ ಬಳಿ, ಹೊಸ್ತಿಲ ಮೇಲೆ. ರಾಜೇಸಾಬ ನಮ್ಮೆದುರಿಗೇ ನೀರಿನ ಟಾಕಿಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, ಪ್ಲಗ್ಗುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದ. ಶೆಡ್ಡು ಮನೆಯ ಇನ್ನೊಂದು ಮಗ್ಗುಲಿಗೆ. ಕಟ್ಟೆಯಿಂದ ಅದು ಕಾಣುವುದಿಲ್ಲ. ಅಲ್ಲಿಂದ ಗಾಡಿ ದಾರಿ ಹಿತ್ತಲನ್ನು ಬಳಸಿ ಕಾಲುವೆಯ ಕಡೆ ಹೋಗುತ್ತದೆ.

ಸೆಲ್ಫ್ ತಿರುಗಿದ ಸದ್ದು ಕೇಳಿತು.

ಒಮ್ಮೆ ಸಣ್ಣದಾಗಿ, ನಿಂತು, ಮತ್ತೊಮ್ಮೆ. ಆಮೇಲೆ ಉದ್ದಕ್ಕೆ. ಎಂಜಿನ್ ಹಿಡಿಯಿತು. ಹಿಡಿದು, ತಣ್ಣಗಿದ್ದ ಗಾಡಿಯ ಹಾಗೆ ಮೊದಲು ಗಡಗಡ ಎಂದು, ನಿಧಾನವಾಗಿ ಒಂದೇ ಹದಕ್ಕೆ ಬಂತು. ನಾನು ಚಹಾ ಗುಟುಕರಿಸಿದೆ. ಇದನ್ನು ಹೇಳಲೇಬೇಕು. ನನಗೆ ಏನೂ ವಿಚಿತ್ರ ಎನಿಸಲಿಲ್ಲ. ಮಿಸ್ತ್ರಿ ಬಂದ ದಿನ ಗಾಡಿಯ ಸದ್ದು ಬರುವುದು ಸಹಜ, ಅಷ್ಟೇ. ಆಮೇಲೆ ಗುಬ್ಬಿಗಳು ಜಗಳಾಡುವ ಆ ಚಿಲಿಪಿಲಿ. ನಡುವೆ ಆ ಒಡಕು ದನಿ, ಗೊರಗೊರ. ಗಾಡಿ ಹಿಂದಕ್ಕೆ ಸರಿದು, ತಿರುಗಿ, ಹಿತ್ತಲ ಬದಿಯಿಂದ ಮುಂದಕ್ಕೆ ಹೋಯಿತು. ಕಾಲುವೆಯ ಏರಿಯ ಬಳಿ ಗೇರು ಬದಲಿಸಿದ್ದು ಕೂಡ ಕೇಳಿತು.

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. ಒಂದು ಹರಳನ್ನು ಆಯ್ದು ಅಂಗಳಕ್ಕೆ ಎಸೆಯುತ್ತ ಅಂದರು: "ಹೊಂಟ ನೋಡು. ಹೊತ್ತಾಗೇತಿ ಅನಸತೈತಿ, ಚಾ ಸುದ್ದಾ ಕುಡೀಲಿಲ್ಲ."

ಹೇಳಿ, ಇನ್ನೊಂದು ಹರಳನ್ನು ಆಯ್ದುಕೊಂಡರು. ಆಮೇಲೆ ಅವರ ಬೆರಳು ಜೋಳದೊಳಗೇ ನಿಂತುಬಿಟ್ಟಿತು.

ಮೊದಲು ಎದ್ದವನು ರಾಜೇಸಾಬ. "ಏ, ಯಾಂವಲೇ ಅಂವಾ, ಗಾಡಿಗೆ ಕೈ ಹಚ್ಚಿದಾಂವಾ?" ಎಂದು ಕೂಗುತ್ತ ಎರಡು ಹೆಜ್ಜೆ ಇಟ್ಟ. ಅಲ್ಲಿಯೇ ನಿಂತ. ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದ, ಟಾಕಿಯ ಬಳಿಯ ಡಬ್ಬಿಯನ್ನು ನೋಡಿದ. ತಿರುಗಿ ನಮ್ಮ ಕಡೆ ನೋಡಿದಾಗ ಅವನ ಬಾಯಿ ಜೋರೆಲ್ಲ ಹೋಗಿತ್ತು. "ಅಕ್ಕಾರ, ಪ್ಲಗ್ಗ ನನ್ನ ಕಡೆ ಅದಾವಲ್ರೀ" ಎಂದ, ನಾವೇ ಅವನಿಗೆ ಉತ್ತರ ಹೇಳಬೇಕು ಎಂಬಂತೆ.

ನಾವು ಓಡಿ ಹೋದೆವು. ಕಾರು ಶೆಡ್ಡಿನಲ್ಲಿ ಬೆಳಿಗ್ಗೆ ಇದ್ದಂತೆಯೇ ಇತ್ತು. ಬಾನೆಟ್ ತೆರೆದೇ ಇತ್ತು. ಬ್ಯಾಟರಿ ಗೋಡೆಯ ಬಳಿ ಇತ್ತು. ಟೈರುಗಳು ನೆಲಕ್ಕೆ ಅಂಟಿದಂತೆಯೇ ಇದ್ದವು. ಗಾಡಿ ದಾರಿಗೆ ಅಡ್ಡವಾಗಿ ಅಕ್ಕ ಮುಂಜಾನೆ ಹಳೆಯ ಸೀರೆ ಹಾಸಿ ಸಂಡಿಗೆ ಹಾಕಿದ್ದಳು. ಒಂದು ಸಂಡಿಗೆಯೂ ಅಲುಗಿರಲಿಲ್ಲ. ಗಾಳಿಯಲ್ಲಿ ಹೊಗೆಯ ವಾಸನೆ ಇದೆಯೇ ಎಂದು ನಾನು ಮೂಸಿದೆ. ಇಲಿಯ ವಾಸನೆ, ಹಳೆಯ ಪೆಟ್ರೋಲಿನ ವಾಸನೆ, ಅಷ್ಟೇ. ರಸ್ತೆಯವರೆಗೆ ಹೋಗಿ ನೋಡಿದೆ. ಕಾಲುವೆಯ ಏರಿಯ ಮೇಲೆ ಯಾವ ಗಾಡಿಯೂ ಇರಲಿಲ್ಲ. ಧೂಳೂ ಎದ್ದಿರಲಿಲ್ಲ. ಒಂದು ಬಿಳಿ ಕೊಕ್ಕರೆ ನೀರಿನ ಅಂಚಿನಲ್ಲಿ ಒಂದೇ ಕಾಲಿನ ಮೇಲೆ ನಿಂತಿತ್ತು. ಗಾಡಿ ಈಗಷ್ಟೇ ಹಾದುಹೋಗಿದ್ದರೆ ಅದು ಅಲ್ಲಿ ಹಾಗೆ ನಿಂತಿರುತ್ತಿತ್ತೇ?

ನಾನು ಮರಳಿ ಬಂದಾಗ ಅಕ್ಕ ಶೆಡ್ಡಿನ ಬಾಗಿಲಲ್ಲಿ ನೆಲದ ಮೇಲೆ ಕುಳಿತಿದ್ದಳು. ಅಳುತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಅಂದಳು: "ಹಿಂಗ ಇತ್ತವಾ. ಒಂದ ಚೂರೂ ಫರಕ ಇಲ್ಲ. ಹಿಂಗ ಕೇಳಿತ್ತ ನನಗ."

ಅವಳು ಹಗುರಾಗಬಹುದು ಎಂದು ನಾನು ಅಂದುಕೊಂಡೆ. ಎರಡು ವರ್ಷ ಯಾರೂ ನಂಬದ ಮಾತನ್ನು ಈಗ ನಾಲ್ಕು ಜನರ ಕಿವಿ ಕೇಳಿತ್ತು. ಹಾಗಾಗಲಿಲ್ಲ. ಅವಳು ಎದ್ದು, ಸೆರಗು ಸರಿಮಾಡಿಕೊಂಡು, "ಸಾಕ ಮಾಡ್ರಿ ಮಿಸ್ತ್ರಿ. ಎಲ್ಲಾ ಹೆಂಗಿತ್ತ ಹಂಗ ಮುಚ್ಚಿಬಿಡ್ರಿ. ಇನ್ನೇನ ನೋಡೂದ ಬ್ಯಾಡ" ಎಂದಳು. ಬೆಳಗಿನಿಂದ ದೋಷ ಸಿಗಲಿ ಎಂದು ಕಾದವಳು ಅವಳೇ, ಆದರೆ ಕೇಳಿದ್ದು ಕಾರಿನ ಸದ್ದೇ ಅಲ್ಲ ಎಂದ ಮೇಲೆ ಕಾರಿನಲ್ಲಿ ಹುಡುಕುವುದೇನು? ರಾಜೇಸಾಬನಿಗೂ ಅದೇ ಬೇಕಾಗಿತ್ತು. ಪ್ಲಗ್ಗುಗಳನ್ನು ಅವಸರದಲ್ಲಿ ಕೂರಿಸಿದ. ತನ್ನ ಬ್ಯಾಟರಿಯನ್ನು ಅಲ್ಲೇ ಮರೆತು ಹೋದ. ಆಮೇಲೆ ಯಜಮಾನರೇ ಅದನ್ನು ಅವನ ಅಂಗಡಿಗೆ ಮುಟ್ಟಿಸಿದರು. ಆ ಮನೆಗೆ ಮತ್ತೆ ಬರಲಾರೆ ಎಂದನಂತೆ.

ಅತ್ತೆ ಕಟ್ಟೆಯಿಂದ ಎದ್ದಿರಲಿಲ್ಲ. ಸಂಜೆಯಾದ ಮೇಲೆ ದೀಪ ಹಚ್ಚಲು ಬಂದ ನನ್ನನ್ನು ಹತ್ತಿರ ಕರೆದು, ಗುಟ್ಟು ಹೇಳುವವರ ಹಾಗೆ ಅಂದರು: "ತಪ್ಪ ನಂದ ಆತವ್ವಾ. ಗಾಡಿ ಹೊರಗ ತಗ್ಯಾಕ ಅಪ್ಪಣಿ ಕೊಡಪಾ ಅಂತಷ್ಟ ಕೇಳಿದೆ. ಯಾರು ತಗೀಬೇಕು ಅಂತ ಕೇಳಲಿಲ್ಲ. ದೇವರು ನನ್ನ ಮಗಗ ಕೊಟ್ಟಾನ ಅಪ್ಪಣಿ."

ಕಾನ್ವೆಂಟಿನಲ್ಲಿ ಕಲಿತ ನಾನು ದೇವರ ಜಗಲಿಗೆ ಹೋಗಿ ದೀಪ ಹಚ್ಚಿದೆ.

ಯಜಮಾನರು ಎಲ್ಲವನ್ನೂ ಶಾಂತವಾಗಿ ಕೇಳಿ, ಕಾಲುವೆಯ ಮೇಲೆ ಬೇರೆ ಯಾವುದೋ ಕಾರು ಬಂದು ತಿರುಗಿಸಿಕೊಂಡು ಹೋಗಿರಬೇಕು, ಅಂಥ ರಿವರ್ಸ್ ಹಾರ್ನು ನೂರು ಗಾಡಿಗಳಿಗೆ ಇರುತ್ತದೆ ಎಂದರು. ಇರುತ್ತದೆ, ಒಪ್ಪಿದೆ. ಆ ಒಡಕು ದನಿ? ಹಳೆಯದಾದರೆ ಎಲ್ಲವೂ ಒಡೆಯುತ್ತವೆ ಎಂದರು. ಅದನ್ನೂ ಒಪ್ಪಿದೆ. ಬಿಸಿಲ ಹೊತ್ತಿನಲ್ಲಿ ದೂರದ ಸದ್ದು ಹತ್ತಿರದ್ದರಂತೆ ಕೇಳುತ್ತದೆ ಎಂದರು. ಒಂದೊಂದಾಗಿ ಎಲ್ಲವನ್ನೂ ಒಪ್ಪುತ್ತ ಬಂದೆ, ಆದರೆ ಒಟ್ಟಾಗಿ ಒಪ್ಪಲು ನನ್ನಿಂದ ಆಗಲಿಲ್ಲ. ಅವರೂ ಬಹಳ ಹೊತ್ತು ವಾದಿಸಲಿಲ್ಲ. ಆಮೇಲೆ ಊರಿಗೆ ಹೋದಾಗಲೆಲ್ಲ ಅವರು ಶೆಡ್ಡಿನ ಕಡೆ ಮುಖ ಮಾಡಿ ಕುಳಿತುಕೊಳ್ಳುವುದಿಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ.

ಪಲ್ಲವಿಗೆ ನಾನೇ ಹೇಳಿದೆ. ನಿನ್ನ ಅವ್ವ ಹೇಳಿದ ಸದ್ದನ್ನು ನಾನೂ ಕೇಳಿದೆ, ನಿನ್ನ ಅಜ್ಜಿಯೂ ಕೇಳಿದರು, ಸದ್ದು ದೂರವಾಗುವವರೆಗೆ ಕೇಳಿದವರು ಯಾರೂ ಏಳಲಿಲ್ಲ ಎಂದು. ಅವಳು ಫೋನು ತೆಗೆದುಕೊಂಡು ಮೇಲ್ಮಾಳಿಗೆಗೆ ಹೋದಳು. ಅವಳು ಏನು ಮಾತಾಡಿದಳೋ ನಾನು ಕೇಳಿಸಿಕೊಳ್ಳಲಿಲ್ಲ.

ಅತ್ತೆಯ ಬಾಯಿಂದ ಅಕ್ಕನ ಮೇಲಿನ ಆ ಮಾತು ಮತ್ತೆ ಬರಲಿಲ್ಲ. ನನ್ನದು ತಪ್ಪಾಯಿತು ಎಂದೂ ಅವರು ಅವಳಿಗೆ ಹೇಳಲಿಲ್ಲ. ಒಮ್ಮೆ ಮಾತ್ರ, ನಾನಿದ್ದಾಗಲೇ, ರೊಟ್ಟಿ ಬಡಿಯುತ್ತಿದ್ದ ಅಕ್ಕನ ಪಕ್ಕ ಕುಳಿತು ಅಂದರು: "ಇನ್ನೊಮ್ಮಿ ಬಂದಿದ್ದ ಅಂವಾ, ಕಸ್ತೂರಿ. ಇನ್ನೊಮ್ಮಿನೂ ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ಹಡದಾಕಿ ನಾನ, ಜ್ವಾಳಾ ಹಸನ ಮಾಡಕೋತ ಕುಂತೆ."

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗಾಡಿ ಹ್ವಾದ ಸಪ್ಪಳ ಕೇಳಿದ ಮ್ಯಾಲ ಯಾರರ ಎದ್ದ ಹೋಗಿ ನೋಡತಾರೇನ್ರಿ ಅತ್ತಿ? ಹ್ವಾದರು ಅಂತ ತಿಳೀತೈತಿ" ಎಂದಳು. ಅವಳ ದನಿಯಲ್ಲಿ ಕಹಿ ಇರಲಿಲ್ಲ. ಎರಡು ವರ್ಷ ಅವಳಿಗೆ ಯಾರೂ ಹೇಳದಿದ್ದ ಮಾತು ಅದು. ನಾನೂ ಹೇಳಿರಲಿಲ್ಲ.

ಆ ಮಾತಿನಿಂದ ಅತ್ತೆಗೆ ಸಮಾಧಾನವಾಗಲಿಲ್ಲ. ಈಗ ಕಾಲುವೆಯ ದಾರಿಯಲ್ಲಿ ಯಾವ ಗಾಡಿಯ ಸದ್ದು ಕೇಳಿದರೂ ಅವರು ಏಳುತ್ತಾರೆ. ಕಬ್ಬಿನ ಟ್ರ್ಯಾಕ್ಟರ್ ಇರಲಿ, ಹಾಲಿನವನ ಮೋಟಾರ್ ಸೈಕಲ್ ಇರಲಿ. ಉಣ್ಣುತ್ತಿದ್ದರೆ ತಾಟು ಸರಿಸಿ ಏಳುತ್ತಾರೆ. ಮೊಣಕಾಲು ಹಿಡಿದುಕೊಂಡು, ಗೋಡೆಗೆ ಕೈ ಕೊಟ್ಟು ಶೆಡ್ಡಿನ ತನಕ ಹೋಗಿ, ಚಾಲಕನ ಕಡೆಯ ಗಾಜಿಗೆ ಮುಖ ಹಚ್ಚಿ ಒಳಗೆ ನೋಡುತ್ತಾರೆ. ಅಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೆಯೇ ಬಿಟ್ಟು, ಅವರ ತೋಳು ಹಿಡಿದುಕೊಂಡು ಜೊತೆಗೆ ಹೋಗುತ್ತಾಳೆ. ಇಬ್ಬರೂ ನೋಡಿ ಬರುತ್ತಾರೆ. ಸುಗ್ಗಿಯ ದಿನಗಳಲ್ಲಿ ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ. ಕಾರನ್ನು ಕೊಡುವ ಮಾತನ್ನು ಯಾರೂ ಎತ್ತಿಲ್ಲ, ದೇವರನ್ನೂ ಮತ್ತೆ ಕೇಳಿಲ್ಲ. ಅದು ಯಾಕೆ ಚಾಲೂ ಆಗುವುದಿಲ್ಲ ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಅಂದು ನಾವು ಕೇಳಿದ್ದು ಏನು ಎಂದು ನನ್ನನ್ನು ಕೇಳಬೇಡಿ. ಸಡಿಲವಾದ ಒಂದು ಚಿಲಕ ಎಲ್ಲೋ ಇರಬೇಕು ಎಂದು ನನ್ನ ಅರ್ಧ ಮನಸ್ಸು ಈಗಲೂ ಹೇಳುತ್ತದೆ. ಆದರೆ ಆ ಮನೆಗೆ ಹೋಗಿದ್ದಾಗ ಹಿತ್ತಲ ಕಡೆ ಯಾವುದಾದರೂ ಗಾಡಿಯ ಸದ್ದು ಕೇಳಿ ಅವರಿಬ್ಬರೂ ಎದ್ದರೆ, ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಾನೂ ಏಳುತ್ತೇನೆ.